ಎಣ್ಣೆಯ ಕೆಲಸ ಮಾಡುವ ಉಪ್ಪು

ಉಪ್ಪು ಅಂದ ಕೂಡಲೇ ಹರಳು ಕಣ್ಣಮುಂದೆ ಬರುತ್ತದೆ, ಅಲ್ವಾ? ಅಡುಗೆ ಉಪ್ಪು ಕರಗಿ ಹರಿಯಬೇಕಾದರೆ 801 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ನಾನು ದಿನಾ ಕೈಗೆತ್ತಿಕೊಳ್ಳುವ ಉಪ್ಪು ಮಾತ್ರ ಬಾಟಲಿಯಲ್ಲಿ ಜೇನಿನ ಹಾಗೆ ನಿಧಾನಕ್ಕೆ ಹರಿಯುತ್ತದೆ. ಇದೇ ಅಯಾನಿಕ್ ಲಿಕ್ವಿಡ್. ಇದರ ಅಯಾನುಗಳು, ಅಂದರೆ ಚಾರ್ಜ್ ಇರುವ ಕಣಗಳು, ದೊಡ್ಡವು, ಕೆಲವಕ್ಕೆ ಉದ್ದ ಬಾಲ ಬೇರೆ, ಹಾಗಾಗಿ ಒತ್ತೊತ್ತಾಗಿ ಕೂತು ಹರಳಾಗುವುದು ಕಷ್ಟ.

ಇದನ್ನು ಲೂಬ್ರಿಕೆಂಟ್ ಆಗಿ, ಅಂದರೆ ಉಜ್ಜುವ ಭಾಗಗಳ ನಡುವೆ ಎಣ್ಣೆಯ ಹಾಗೆ, ಬಳಸಬಹುದು ಅನ್ನುವ ಮೊದಲ ವರದಿ ಬಂದದ್ದು 2001ರಲ್ಲಿ. ಹೆಚ್ಚುಕಮ್ಮಿ ಆವಿಯಾಗುವುದೇ ಇಲ್ಲ, ಅದಕ್ಕೇ ನಿರ್ವಾತದಲ್ಲೂ ಉಳಿಯುತ್ತದೆ. ಚಾರ್ಜ್ ಇರುವುದರಿಂದ ಲೋಹದ ಮೈಗೆ ಪದರ ಪದರವಾಗಿ ಅಂಟಿಕೊಳ್ಳುತ್ತದೆ.

ಇದನ್ನು ಪರೀಕ್ಷಿಸುವಾಗ ಶುರುವಿನಲ್ಲಿ ನಾನು ಘರ್ಷಣೆಯ ಗ್ರಾಫ್ ಒಂದನ್ನೇ ನೋಡುತ್ತಿದ್ದೆ. ಉಕ್ಕಿನ ಬಿಲ್ಲೆ ತಿರುಗುತ್ತಿರುತ್ತದೆ, ಮೇಲೆ ಉಕ್ಕಿನ ಗುಂಡು ಒತ್ತಿಕೊಂಡಿರುತ್ತದೆ, ನಡುವೆ ಒಂದೆರಡು ಹನಿ. ಘರ್ಷಣೆಯ ಗೆರೆ ಕೆಳಗಿಳಿದು ಅಲುಗಾಡದೆ ನಿಂತಿತು, ಖುಷಿಯಾಯಿತು. ಬಿಲ್ಲೆಯನ್ನು ಒರೆಸದೆ ಹಾಗೇ ಬಿಟ್ಟು ಹೋದೆ. ಎರಡು ದಿನ ಬಿಟ್ಟು ನೋಡಿದರೆ ಹನಿ ಇದ್ದ ಕಡೆ ಕಂದು ಕಲೆ, ಮೈಕ್ರೋಸ್ಕೋಪಿನಲ್ಲಿ ಸಣ್ಣ ಸಣ್ಣ ಗುಳಿಗಳು. ಆ ದ್ರವದಲ್ಲಿ ಇದ್ದದ್ದು ಟೆಟ್ರಾಫ್ಲೋರೋಬೊರೇಟ್ ಅನ್ನುವ, ಫ್ಲೋರಿನ್ ಇರುವ ಅಯಾನು. ಗಾಳಿಯ ತೇವ ಹೀರಿಕೊಂಡರೆ ಅದು ಒಡೆದು ಹೈಡ್ರೋಜನ್ ಫ್ಲೋರೈಡ್ ಬಿಡುತ್ತದೆ, ಅದು ಉಕ್ಕನ್ನೂ ತಿನ್ನುತ್ತದೆ, ಚರ್ಮಕ್ಕೂ ಅಪಾಯ.

ಹಾಗಂತ ಲೋಹದ ಜೊತೆ ಏನೂ ಪ್ರತಿಕ್ರಿಯೆ ನಡೆಯದ ದ್ರವವೂ ಉಪಯೋಗಕ್ಕೆ ಬರುವುದಿಲ್ಲ. ಉಜ್ಜುವ ಜಾಗದಲ್ಲಿ ಬಿಸಿ, ಒತ್ತಡ ಎರಡೂ ಜಾಸ್ತಿ. ಅಲ್ಲಿ ಮಾತ್ರ ಅಯಾನು ಸ್ವಲ್ಪ ಒಡೆದು ಲೋಹದ ಜೊತೆ ಸೇರಿ, ಕೂದಲಿಗಿಂತ ನೂರಾರು ಪಟ್ಟು ತೆಳುವಾದ ಪದರ ಕಟ್ಟಬೇಕು. ಈ ಕೋಟಿಂಗನ್ನು ಯಾರೂ ಬಳಿಯುವುದಿಲ್ಲ, ಎಲ್ಲಿ ಉಜ್ಜುತ್ತದೋ ಅಲ್ಲೇ ಹುಟ್ಟುತ್ತದೆ, ಸವೆದರೆ ಮತ್ತೆ ಕಟ್ಟಿಕೊಳ್ಳುತ್ತದೆ. ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾದದ್ದು ಇದೇ.

ಫಾಸ್ಫೋನಿಯಂ ಫಾಸ್ಫೇಟ್ ಜಾತಿಯ ಅಯಾನಿಕ್ ಲಿಕ್ವಿಡ್‌ಗಳು ಈ ಕೆಲಸ ಚೆನ್ನಾಗಿ ಮಾಡುತ್ತವೆ. ಇವುಗಳಲ್ಲಿ ಫ್ಲೋರಿನ್ ಇಲ್ಲ, ಹಾಗಾಗಿ ಹೈಡ್ರೋಜನ್ ಫ್ಲೋರೈಡಿನ ಕಾಟವೂ ಇಲ್ಲ. 2012ರ ಹೊತ್ತಿಗೆ ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದವರು ಎಣ್ಣೆಯಲ್ಲಿ ಪೂರ್ತಿ ಬೆರೆಯುವಂಥದ್ದನ್ನು ತೋರಿಸಿದರು. ಅಯಾನಿಕ್ ಲಿಕ್ವಿಡ್ ದುಬಾರಿ, ಅದನ್ನೇ ತುಂಬಿ ಎಂಜಿನ್ ಓಡಿಸಲು ಆಗುವುದಿಲ್ಲ. ಎಣ್ಣೆಗೆ ಚೂರು ಬೆರೆಸಿದರೆ ಸಾಕು ಅನ್ನುವುದು ದೊಡ್ಡ ವಿಷಯ.

ಘರ್ಷಣೆಯ ಅಂಕಿ ಒಂದನ್ನೇ ಕೊಟ್ಟು ದ್ರವದಲ್ಲಿ ನೀರೆಷ್ಟಿತ್ತು ಅಂತ ಹೇಳದ ಪ್ರಬಂಧಗಳನ್ನು ನಾನೀಗ ಪೂರ್ತಿ ನಂಬುವುದಿಲ್ಲ. ಹೊಸ ಬಾಟಲಿ ಬಂದರೆ ಮೊದಲು ಬಿಲ್ಲೆಯ ಮೇಲೆ ಎರಡು ಹನಿ ಹಾಕಿ, ಮುಚ್ಚದೆ ಒಂದು ವಾರ ಸುಮ್ನೆ ಇಡುತ್ತೇನೆ. ಕಲೆ ಬೀಳದಿದ್ದರೆ ಮಾತ್ರ ಗುಂಡು ಇಳಿಸುತ್ತೇನೆ.