ಇರ್ಪು ಕಡೆ ನೀಲಿ ಚಿಟ್ಟೆ ನೋಡಲು ಹೋಗುವವರಿಗೆ

‘ನಮ್ಮಲ್ಲಿ ಚಿಟ್ಟೆ ತೋಟ ಇದೆ’ ಅಂತ ಫೋನಿನಲ್ಲಿ ಹೇಳಿದ್ದರು. ಆ ಒಂದು ಮಾತಿಗೆ ದಿನಕ್ಕೆ 4800 ರೂಪಾಯಿ ಕೊಟ್ಟು ಕೊಡಗಿನ ಶ್ರೀಮಂಗಲದ ಹತ್ತಿರ ಹೋಂಸ್ಟೇ ಹಿಡಿದೆವು. ಹೋಗಿ ನೋಡಿದರೆ ಗೇಟಿನ ಪಕ್ಕ ನಾಲ್ಕು ದಾಸವಾಳ, ಒಂದಿಷ್ಟು ಹೂವಿನ ಕುಂಡ. ಮರುದಿನ ಬೆಳಿಗ್ಗೆ ಕಿಟಕಿ ತೆರೆದ ಕೂಡಲೇ ಔಷಧಿಯ ಘಾಟು. ಇಬ್ಬರು ಏಲಕ್ಕಿ ಸಾಲಿಗೆ ಕೀಟನಾಶಕ ಹೊಡೆಯುತ್ತಿದ್ದರು.

ನನಗೆ ಸಿಟ್ಟು ಬಂದಿದ್ದಕ್ಕೆ ಕಾರಣ ಇದೆ. ಎಂಟನೇ ಕ್ಲಾಸಿನ ಮಗಳು ನೋಡಬೇಕು ಅಂತ ಹಟ ಹಿಡಿದಿದ್ದು ಮೆಟಾಲಿಕ್ ಸೆರುಲಿಯನ್ ಅನ್ನೋ ಪುಟ್ಟ ನೀಲಿ ಚಿಟ್ಟೆಯನ್ನು. ಇದರ ಹುಳ ಏಲಕ್ಕಿಯ ಹೂವು, ಎಳೆಕಾಯಿ ಕೊರೆದು ತಿಂದೇ ಬೆಳೆಯುತ್ತದೆ. ಬೆಳೆಗಾರರಿಗೆ ಅದು ಕಾಯಿ ಕೊರೆಯುವ ಹುಳ. ಬೆಳೆ ಉಳಿಸಿಕೊಳ್ಳಲು ಅವರು ಔಷಧಿ ಹೊಡೆಯುವುದನ್ನು ನಾನು ತಪ್ಪು ಅನ್ನುವುದಿಲ್ಲ. ಆದರೆ ಔಷಧಿ ಹೊಡೆಯುವ ತೋಟಕ್ಕೆ ಚಿಟ್ಟೆ ತೋಟ ಅಂತ ಹೆಸರಿಟ್ಟು ದುಡ್ಡು ತಗೊಳ್ಳೋದು ಮೋಸ. ರೂಮು ಹೇಳುವ ಮೊದಲು ‘ಏಲಕ್ಕಿಗೆ ಔಷಧಿ ಯಾವಾಗ ಹೊಡೀತೀರಿ?’ ಅಂತ ನೇರವಾಗಿ ಕೇಳಿ. ಉತ್ತರ ತಡವರಿಸಿದರೆ ಬಿಟ್ಟುಬಿಡಿ.

ಎರಡನೇ ರಾತ್ರಿಯ ದುಡ್ಡು ವಾಪಸ್ ಕೊಡಲಿಲ್ಲ. ಆದರೂ ನಾವು ಚೀಲ ಎತ್ತಿಕೊಂಡು ಹೊರಟೆವು. ಗೋಣಿಕೊಪ್ಪದಿಂದ ಬರುವಾಗ ಹತ್ತಿದ್ದ ಬಸ್ಸಿನಲ್ಲಿ ಪೂರ್ತಿ ನಿಂತೇ ಬಂದಿದ್ದೆವು, ಸಂತೆ ಚೀಲಗಳ ಮಧ್ಯೆ ಕಾಲಿಡಲು ಜಾಗ ಇರಲಿಲ್ಲ. ನನಗೆ ಜನಸಂದಣಿ ಆಗುವುದಿಲ್ಲ. ನಿಮಗೂ ಹಾಗೇ ಇದ್ದರೆ ಸಂತೆ ದಿನ ಬಿಟ್ಟು ಬನ್ನಿ. ಇರ್ಪು ಜಲಪಾತಕ್ಕೆ ಶನಿವಾರ, ಭಾನುವಾರವಂತೂ ಬೇಡವೇ ಬೇಡ.

ಹಸಿವಾಗಿತ್ತು. ರಸ್ತೆ ಬದಿ ಶೀಟು ಹೊದಿಸಿದ ಒಂದು ಸಣ್ಣ ಹೋಟೆಲ್ ಕಂಡಿತು. ಬೋರ್ಡು ಇಲ್ಲ, ಮೂರು ಬೆಂಚು ಅಷ್ಟೆ. ನಡೆಸುತ್ತಿದ್ದವರು ಅರವತ್ತರ ಆಸುಪಾಸಿನ ಒಬ್ಬರು ಅಕ್ಕ. ಬಿಸಿ ಕಡಂಬುಟ್ಟು ತಂದಿಟ್ಟರು. ಅಕ್ಕಿ ತರಿಯ ಉಂಡೆ ಎಷ್ಟು ಮೆತ್ತಗಿತ್ತು ಅಂದರೆ ಬೆರಳು ತಾಗಿದರೆ ಬಿಚ್ಚಿಕೊಳ್ಳುತ್ತಿತ್ತು. ಜೊತೆಗೆ ಕೋಳಿ ಸಾರು, ಕಾಚಂಪುಳಿಯ ಹುಳಿ ಹದವಾಗಿ ಹಿಡಿದಿತ್ತು. ಮಗಳು ಕೋಳಿ ತಿನ್ನುವುದಿಲ್ಲ ಅಂದಾಗ ಅವಳಿಗೆ ಅಂತಲೇ ಕಣಿಲೆ ಪಲ್ಯ ಬಿಸಿ ಮಾಡಿಕೊಟ್ಟರು. ಕೊನೆಗೆ ಬೆಲ್ಲದ ಕರಿ ಕಾಫಿ. ಇಬ್ಬರಿಗೂ ಸೇರಿ 190 ರೂಪಾಯಿ! ನಾನು ಇನ್ನೊಂದು ತಟ್ಟೆ ಕಡಂಬುಟ್ಟು ಕೇಳಿದೆ, ಅದಕ್ಕೆ ದುಡ್ಡು ತಗೊಳ್ಳಲೇ ಇಲ್ಲ.

ಕೈ ತೊಳೆಯಲು ಹಿತ್ತಲಿಗೆ ಹೋದ ಮಗಳು ಅಲ್ಲಿಂದಲೇ ಕೂಗಿದಳು. ಹಲಸಿನ ಮರದ ಅಡಿ ಹತ್ತಾರು ಏಲಕ್ಕಿ ಗಿಡ, ಪಕ್ಕದಲ್ಲೇ ತೋಡು, ಅಂದರೆ ಸಣ್ಣ ಹಳ್ಳ. ಗಿಡದ ಬುಡದಲ್ಲಿ ಹೂಗೊಂಚಲು ನೆಲಕ್ಕೆ ಮಲಗಿರುತ್ತದಲ್ಲ, ಅದರ ಮೇಲೆ ಮೊಣಕಾಲೆತ್ತರದಲ್ಲಿ ಹೊಳೆಯುವ ನೀಲಿ ಚೂರೊಂದು ಹಾರುತ್ತಿತ್ತು. ಕೂತ ತಕ್ಷಣ ಮಾಯ! ರೆಕ್ಕೆ ಮುಚ್ಚಿದರೆ ಕಾಣುವುದು ಬಿಳಿ ಗೆರೆಗಳ ಮಾಸಲು ಕಂದು ಮಾತ್ರ. ಹಿಂದಿನ ರೆಕ್ಕೆಯ ತುದಿಯಲ್ಲಿ ಕೂದಲೆಳೆಯಂಥ ಬಾಲ, ಅದರ ಬುಡದಲ್ಲಿ ಕಣ್ಣಿನಂಥ ಚುಕ್ಕೆ. ಹಕ್ಕಿ ಅದನ್ನೇ ತಲೆ ಅಂದುಕೊಂಡು ಕುಕ್ಕಿದರೆ ಚಿಟ್ಟೆ ರೆಕ್ಕೆಯ ಚೂರು ಕಳೆದುಕೊಂಡು ಬದುಕಿಕೊಳ್ಳುತ್ತದೆ.

‘ಹುಳ ಸ್ವಲ್ಪ ತಿಂದ್ಕೊಳ್ಲಿ, ನಮ್ಮ ಮನೆ ಖರ್ಚಿಗೆ ಸಾಕಾಗುತ್ತೆ’ ಅಂದರು ಅಕ್ಕ. ತೂತು ಬಿದ್ದ ಒಂದು ಕಾಯಿ ಕಿತ್ತು ಮಗಳ ಕೈಗೆ ಕೊಟ್ಟರು. ಒಳಗೆ ಬೀಜ ಖಾಲಿ.

ಹುಡುಕುವವರಿಗೆ ನಾನು ಕಂಡುಕೊಂಡಿದ್ದು ಹೇಳುತ್ತೇನೆ. ನಾವು ಹೋಗಿದ್ದು ಅಕ್ಟೋಬರ್‌ನಲ್ಲಿ, ಮಳೆ ಬಿಡುವು ಕೊಟ್ಟಿತ್ತು. ಬೆಳಿಗ್ಗೆ ಹತ್ತರಿಂದ ಹನ್ನೆರಡರ ಒಳಗೆ ಬಿಸಿಲು ಬಿದ್ದ ಜಾಗ ನೋಡಿ. ಆ ನೀಲಿ ಬಣ್ಣ ಹುಟ್ಟುವುದು ರೆಕ್ಕೆಯ ಹುರುಪೆಗಳ ಮೇಲೆ ಬೆಳಕು ಬಿದ್ದಾಗ. ಮೋಡ ಕವಿದರೆ ಹೊಳಪೂ ಇಲ್ಲ, ಹಾರಾಟವೂ ಇಲ್ಲ. ಇರ್ಪುವಿನಲ್ಲಿ ರಾಮೇಶ್ವರ ದೇವಸ್ಥಾನ ದಾಟಿ ಲಕ್ಷ್ಮಣತೀರ್ಥದ ದಂಡೆಯಲ್ಲಿ ನಡೆಯುವಾಗ ಜಲಪಾತಕ್ಕೆ ಓಡಬೇಡಿ, ಒದ್ದೆ ಮರಳು ನೋಡುತ್ತಾ ಹೋಗಿ. ಉಪ್ಪಿನಂಶ ಹೀರಲು ನೀಲಿ ಚಿಟ್ಟೆಗಳು ಅಲ್ಲಿ ಕೂರುತ್ತವೆ. ಸೆರುಲಿಯನ್‌ಗಳಲ್ಲೇ ಹಲವು ಬಗೆ ಇವೆ, ಮೇಲಿನ ನೀಲಿ ನೋಡಿ ಗುರುತು ಹಿಡಿಯುವುದು ಕಷ್ಟ. ಹಾಗಾಗಿ ರೆಕ್ಕೆ ಮುಚ್ಚಿ ಕೂತಾಗಲೇ ಫೋಟೋ ತೆಗೆಯಿರಿ, ಗೆರೆಗಳು ಸ್ಪಷ್ಟವಾಗಿ ಬರಲಿ.

ಇಂಬಳ (ಜಿಗಣೆ) ಜಾಸ್ತಿ. ಉಪ್ಪಿನ ಪೊಟ್ಟಣ ಜೇಬಿನಲ್ಲಿರಲಿ. ಅಕ್ಕನ ಹೋಟೆಲಿಗೆ ಮಧ್ಯಾಹ್ನ ಒಂದು ಗಂಟೆಯೊಳಗೆ ಹೋಗಿ, ಆಮೇಲೆ ಕಡಂಬುಟ್ಟು ಉಳಿದಿರುವುದಿಲ್ಲ.