ಗಂಡನ ಸಹಿ ಕೇಳಿದವಳು ನಾನೇ

ಅವತ್ತು ಲೇಬರ್ ವಾರ್ಡಿನಲ್ಲಿ ನನಗೆ ನೈಟ್ ಡ್ಯೂಟಿ. ಹ್ಯಾಂಡೋವರ್ ಮುಗಿದು ಅರ್ಧ ಗಂಟೆಯೂ ಆಗಿರಲಿಲ್ಲ, ಟಂಟಂನಲ್ಲಿ ಒಬ್ಬ ಹೆಂಗಸನ್ನು ಕರೆತಂದರು. ಜೊತೆಗೆ ಅವಳ ನಾದಿನಿ. ಸೀರೆ ಮೊಣಕಾಲಿನ ತನಕ ರಕ್ತ. ಬಿಪಿ 80/50, ಪಲ್ಸ್ 134, ಜ್ವರ 103. ಎಲ್ಲೋ ನೋಡಿದ ಮುಖ ಅನ್ನಿಸಿತು. ಯೋಚಿಸಲು ಹೊತ್ತಿರಲಿಲ್ಲ.

ಡ್ರಿಪ್ ಹಾಕುವ ಹಸಿರು ಕ್ಯಾನುಲಾ, ದಪ್ಪದ್ದು, ಹೋಗಲಿಲ್ಲ. ಇನ್ನೊಂದು ಕೈ ನೋಡಿದೆ, ಅಲ್ಲೂ ವೇನ್ ಸಿಗಲಿಲ್ಲ. ಮೂರನೇ ಸಲ ಸಣ್ಣದು, ಗುಲಾಬಿಯದು ಹಾಕಿದೆ, ಸಿಕ್ಕಿತು. ಆರ್‌ಎಲ್ ಡ್ರಿಪ್ ಜೋರಾಗಿ ಬಿಟ್ಟೆ. ಡಾಕ್ಟರ್ ಮೇಡಂ ಫೋನ್ ಎತ್ತಲಿಲ್ಲ, ಆಯಾ ಕ್ವಾರ್ಟರ್ಸ್‌ಗೆ ಓಡಿದಳು. ಮೇಡಂ ಬಂದವರೇ ಹೊಟ್ಟೆ ಮುಟ್ಟಿ ನೋಡಿದರು. ಆ ವಾಸನೆಗೇ ನಮಗಿಬ್ಬರಿಗೂ ವಿಷಯ ಗೊತ್ತಾಗಿತ್ತು: ಹೊರಗೆ ಯಾರೋ ಗರ್ಭ ತೆಗೆಯಲು ಹೋಗಿ ಸೋಂಕಾಗಿದೆ. ನಾದಿನಿಯನ್ನು ಹೊರಗೆ ಕಳಿಸಿ, "ಯಾರ ಹತ್ರ ಹೋಗಿದ್ದೆ?" ಎಂದು ಕೇಳಿದರು.

"ಒಬ್ಬಾಕಿ ಮನೀಗೆ ಹೋಗಿದ್ದೆರಿ. ಕಡ್ಡಿ ಹಾಕಿದಳ್ರಿ."

"ಮೊದಲು ಇಲ್ಲಿಗೆ ಯಾಕೆ ಬರಲಿಲ್ಲ?"

ಅವಳು ನನ್ನ ಕಡೆ ತಿರುಗಿದಳು. "ಬಂದಿದ್ದೆರಿ. ಗಂಡನ್ನ ಕರ್ಕೊಂಡು ಬಾ ಅಂದ್ರು ಈ ಅಕ್ಕಾರು."

ಆಗ ನೆನಪಾಯಿತು. ಹನ್ನೊಂದು ದಿನದ ಹಿಂದೆ ಒಪಿಡಿಯಲ್ಲಿ ಚೀಟಿ ಬರೆದವಳು ನಾನೇ. ಗರ್ಭದ ಮೂತ್ರ ಪರೀಕ್ಷೆ ಪಾಸಿಟಿವ್, ಕೊನೆಯ ಮುಟ್ಟಿನ ಲೆಕ್ಕದಲ್ಲಿ ಏಳು ವಾರ. ಎರಡು ಮಕ್ಕಳು, ಚಿಕ್ಕದಕ್ಕೆ ಒಂಬತ್ತು ತಿಂಗಳು, ಇನ್ನೂ ಹಾಲು ಕುಡಿಯುತ್ತಿತ್ತು. "ಮೂರನೇದು ಬ್ಯಾಡ್ರಿ ಅಕ್ಕಾರ, ತೆಗೆಸಬೇಕ್ರಿ" ಎಂದಿದ್ದಳು. "ಅವರ ಸಹಿ ಬೇಕಾ ಬೇಕೇನ್ರಿ?" ಎಂದು ಎರಡು ಸಲ ಕೇಳಿದ್ದಳು. ಎರಡು ಸಲವೂ ನಾನು ಹೌದು ಅಂದಿದ್ದೆ. ಅವಳು ಚೀಟಿ ಮಡಚಿ ಬ್ಲೌಸಿನಲ್ಲಿ ಇಟ್ಟುಕೊಂಡು ಹೋದಳು. ಡಾಕ್ಟರ್ ಕೋಣೆಯ ಬಾಗಿಲಿನ ತನಕ ಕೂಡ ಹೋಗಲಿಲ್ಲ.

ಗಂಡನ ಸಹಿ ಬೇಡ. ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಪ್ರತಿ ಒಪಿಡಿಯಲ್ಲಿ ಅಂಟಿಸಬೇಕು. 1971ರ ಎಂಟಿಪಿ, ಅಂದರೆ ವೈದ್ಯಕೀಯ ಗರ್ಭಪಾತದ ಕಾಯ್ದೆಯಲ್ಲಿ ಗಂಡನ ಒಪ್ಪಿಗೆ ಎಂಬುದು ಇಲ್ಲವೇ ಇಲ್ಲ. ಹದಿನೆಂಟು ತುಂಬಿದವಳಾದರೆ ಅವಳ ಸಹಿ ಒಂದೇ ಸಾಕು. ಚಿಕ್ಕವಳಾದರೆ, ಇಲ್ಲವೇ ಮಾನಸಿಕ ಕಾಯಿಲೆ ಇದ್ದರೆ ಮಾತ್ರ ಪೋಷಕರದ್ದು ಬೇಕು. ಮದುವೆ ಆಗದವಳಿಗೂ ಇದೇ ಹಕ್ಕು. ಗರ್ಭನಿರೋಧಕ ಕೈಕೊಟ್ಟ ಸಂದರ್ಭದ ಬಗ್ಗೆ ಹೇಳುವಲ್ಲಿ 'ಗಂಡ' ಅಂತ ಇದ್ದದ್ದು 2021ರ ತಿದ್ದುಪಡಿಯಲ್ಲಿ 'ಸಂಗಾತಿ' ಅಂತ ಆಯಿತು. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಬಿಡಿಸಿ ಹೇಳಿತು. ಏಳು ವಾರ ಅಂದರೆ ಮಾತ್ರೆಯಲ್ಲೇ ಮುಗಿಯುತ್ತಿತ್ತು. ಎರಡು ಸಲ ಮಾತ್ರೆ, ಒಂದು ಫಾಲೋಅಪ್.

ಹಾಗಾದರೆ ನಾನು ಯಾಕೆ ಕೇಳಿದೆ? ನನ್ನ ಸೀನಿಯರ್ ಕೇಳುತ್ತಿದ್ದರು, ಅದಕ್ಕೆ ನಾನೂ ಕೇಳಿದೆ. ಹಿಂದೊಮ್ಮೆ ಒಬ್ಬ ಗಂಡ ಬಂದು ಕೌಂಟರ್ ಮುಂದೆ ಗಲಾಟೆ ಮಾಡಿದ್ದ, ಆ ಹೆದರಿಕೆ ಒಂದು. ಗರ್ಭಪಾತಕ್ಕೆ ಅವಳ ಒಪ್ಪಿಗೆ ಬರೆಸುವ ಫಾರಂ ಸಿ ಖಾಲಿಯಾಗಿ ತಿಂಗಳುಗಳೇ ಆಗಿದ್ದವು. ಕಳಿಸಿ ಎಂದು ಇಂಡೆಂಟ್ ಹಾಕಿದರೆ "ಬರುತ್ತೆ" ಅನ್ನುವ ಉತ್ತರ. ಅಲ್ಲಿಯವರೆಗೆ ಆಪರೇಷನ್ ಕನ್ಸೆಂಟ್ ಶೀಟಿನ ಜೆರಾಕ್ಸ್ ಬಳಸುತ್ತಿದ್ದೆವು. ಅದರ ಕೆಳಗೆ 'ಗಂಡ / ಸಂಬಂಧಿಕರ ಸಹಿ' ಎಂಬ ಗೆರೆ ಇದೆ. ಆ ಗೆರೆಯನ್ನೇ ನಾನು ಕಾನೂನು ಅಂದುಕೊಂಡಿದ್ದೆ.

ಇನ್ನೊಂದು ಮಾತು. 2023ರ ಕೊನೆಗೆ ಮಂಡ್ಯ ಕಡೆಯ ಹೆಣ್ಣು ಭ್ರೂಣಹತ್ಯೆ ಜಾಲ ಸಿಕ್ಕಿಬಿದ್ದಿತ್ತು. ಹಿಡಿದದ್ದು ಸರಿಯೇ. ಆದರೆ ಆಮೇಲೆ ನಮ್ಮಲ್ಲಿ ಎಂಟಿಪಿ ಅಂದರೇ ಕೈ ಹಿಂದೆ ತೆಗೆಯುವವರು ಜಾಸ್ತಿಯಾದರು. ಗಂಡೋ ಹೆಣ್ಣೋ ಅಂತ ಪತ್ತೆ ಮಾಡುವುದನ್ನು ತಡೆಯುವ ಕಾಯ್ದೆ 1994ರದ್ದು, ಅದು ಬೇರೆ. ಏಳು ವಾರಕ್ಕೆ ಬಂದವಳಿಗೆ ಗಂಡೋ ಹೆಣ್ಣೋ ಎಲ್ಲಿ ಗೊತ್ತಿರುತ್ತದೆ?

ನಮ್ಮಲ್ಲಿ ರಕ್ತ ಇದ್ದದ್ದು ಒಂದೇ ಯೂನಿಟ್. ಅದನ್ನು ಹಾಕಿ, ಆಂಟಿಬಯೋಟಿಕ್ ಕೊಟ್ಟು ಜಿಲ್ಲಾಸ್ಪತ್ರೆಗೆ ರೆಫರ್ ಮಾಡಿದೆವು. ನಾದಿನಿ ನನ್ನ ಕೈ ಹಿಡಿದು "ಏನಾಗೇತ್ರಿ ಇಕಿಗೆ?" ಎಂದು ಮತ್ತೆ ಮತ್ತೆ ಕೇಳಿದಳು. "ರಕ್ತ ಹೋಗಿದೆ, ಚಿಕಿತ್ಸೆ ನಡೀತಿದೆ" ಎಂದಷ್ಟೇ ಹೇಳಿದೆ. ಆ ರಾತ್ರಿ ನಾನು ಸರಿಯಾಗಿ ಮಾಡಿದ ಒಂದು ಕೆಲಸ ಅದು. ಹೆಸರು, ವಿಷಯ ಹೊರಗೆ ಬಿಟ್ಟರೆ ಒಂದು ವರ್ಷದ ತನಕ ಜೈಲು ಇದೆ, ಆದರೆ ನಾನು ಸುಮ್ಮನಿದ್ದದ್ದು ಅದಕ್ಕಲ್ಲ. ಗಂಡನಿಗೆ ಗೊತ್ತಾಗಬಾರದು ಎಂದು ಇಷ್ಟು ಅನುಭವಿಸಿದವಳ ಗುಟ್ಟನ್ನು ನಾನು ಹೇಗೆ ಹೇಳಲಿ?

108ರಲ್ಲಿ ನಾನೂ ಹೋದೆ. ನಲವತ್ತು ನಿಮಿಷದ ದಾರಿ. ಅರ್ಧ ದಾರಿಯಲ್ಲಿ ಬಿಪಿ 70ಕ್ಕೆ ಇಳಿಯಿತು. ಬಾಟಲಿಯನ್ನು ಕೈಯಲ್ಲೇ ಹಿಂಡುತ್ತಾ ಕೂತೆ. ಅವಳು ಕಣ್ಣು ಮುಚ್ಚಿಕೊಂಡೇ "ಸಣ್ಣದು ಹಾಲಿಗೆ ಅಳತೈತ್ರಿ" ಅಂದಳು. ಆಮೇಲೆ ಮಾತಾಡಲಿಲ್ಲ. ಹೆಸರು ಹಿಡಿದು ಕರೆದೆ, ಕೆನ್ನೆ ತಟ್ಟಿದೆ. ಬೆರಳು ಮಾತ್ರ ಸ್ವಲ್ಪ ಅಲುಗಿತು.

ಆ ವ್ಯಾನಿನಲ್ಲಿ ನನಗೆ ನೆನಪಾದದ್ದು ಸವಿತಾ ಹಾಲಪ್ಪನವರ. ನಮ್ಮ ಬೆಳಗಾವಿಯ ಮಗಳು, ದಂತವೈದ್ಯೆ. 2012ರ ಅಕ್ಟೋಬರ್‌ನಲ್ಲಿ ಐರ್ಲೆಂಡಿನ ಗಾಲ್ವೇಯಲ್ಲಿ, ಹದಿನೇಳು ವಾರದ ಗರ್ಭ ಉಳಿಯುವುದಿಲ್ಲ ಎಂದು ಗೊತ್ತಿದ್ದರೂ, ಮಗುವಿನ ಎದೆಬಡಿತ ಇದೆ ಎಂದು ಗರ್ಭಪಾತ ಮಾಡಲಿಲ್ಲ. ಸೋಂಕು ಏರಿ ಅಕ್ಟೋಬರ್ 28ಕ್ಕೆ ತೀರಿಕೊಂಡಳು. ಆಗ ನಾನು ಜಿಎನ್‌ಎಂ ನರ್ಸಿಂಗ್ ಓದುತ್ತಿದ್ದೆ. ಹಾಸ್ಟೆಲಿನಲ್ಲಿ ಪೇಪರ್ ಹಿಡಿದು ಎಲ್ಲರೂ ಅತ್ತೆವು, ಅಲ್ಲಿನ ಕಾನೂನನ್ನು ಬೈದೆವು. ಐರ್ಲೆಂಡಿನ ಜನ 2018ರ ಮೇ 25ರಂದು ಮತ ಹಾಕಿ ಸಂವಿಧಾನದ ಆ ತಡೆಯನ್ನು ತೆಗೆದರು. ನೂರಕ್ಕೆ 66ಕ್ಕೂ ಹೆಚ್ಚು ಜನ ತೆಗೆಯಿರಿ ಅಂದರು. ಅಲ್ಲಿ ಕಾನೂನು ಅಡ್ಡ ನಿಂತಿತ್ತು. ಇಲ್ಲಿ ಕಾನೂನು ಬಾಗಿಲು ತೆಗೆದು ಐವತ್ತು ವರ್ಷ ಆಗಿದೆ. ಅಡ್ಡ ನಿಂತವಳು ನಾನು.

ಅವಳು ಬದುಕಿದಳು. ಐಸಿಯುನಲ್ಲಿ ಆರು ದಿನ.

ಮೇಡಂ ನನ್ನನ್ನು ಬೈಯಲಿಲ್ಲ. ಆ ಹಳೆ ಶೀಟುಗಳನ್ನೆಲ್ಲ ಹರಿದು ಹಾಕಿದರು. ಫಾರಂ ಸಿ ಇಂಡೆಂಟ್ ಇವತ್ತಿಗೂ ಬಂದಿಲ್ಲ, ನಾನೇ ಜೆರಾಕ್ಸ್ ಮಾಡಿಸಿ ಡ್ರಾಯರಿನಲ್ಲಿ ಇಟ್ಟಿದ್ದೇನೆ. ವರ್ಷಕ್ಕೆ ಎಷ್ಟೋ ಟ್ರೈನಿಂಗ್ ಹಾಕುತ್ತಾರೆ, ಮೊದಲು ಚೀಟಿ ಬರೆಯುವ ನಮ್ಮನ್ನು ಎಂಟಿಪಿ ಟ್ರೈನಿಂಗ್‌ಗೆ ಯಾರೂ ಕರೆಯುವುದಿಲ್ಲ.

ಮೂರು ತಿಂಗಳ ಮೇಲೆ ಅವಳು ಕಾಪರ್-ಟಿಗೆ ಬಂದಳು. ಒಬ್ಬಳೇ. ನಾನೇ ಎದ್ದು ಹೋಗಿ, "ಅವತ್ತು ನಾನು ಹೇಳಿದ್ದು ತಪ್ಪು. ಸಹಿ ಬೇಕಿರಲಿಲ್ಲ" ಅಂದೆ. ಅವಳು ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು.

"ಇದಕ್ಕೂ ಬ್ಯಾಡ ಅಲ್ರೀ?" ಎಂದು ಕೇಳಿದಳು.

"ಬೇಡ."

"ಹಂಗಾರ ಲಗೂ ಹಾಕಿಸ್ರಿ. ಮೂರರ ಬಸ್ಸಿಗೆ ಹೋಗ್ಬೇಕು."