ಅಂಚು ನೋಡದೆ ಹೇಳಿದ ಅರವತ್ಮೂರು

ಒಂದು ಹಳೇ ಚಿನ್ನದ ನಾಣ್ಯವನ್ನು ಪಿಸಿಜಿಎಸ್‌ಗೆ ಕಳಿಸೋದಾ, ಎನ್‌ಜಿಸಿಗೆ ಕಳಿಸೋದಾ ಅಂತ ನಾನು ಮೂರು ದಿನ ತಲೆ ಕೆಡಿಸಿಕೊಂಡೆ. ಎರಡೂ ನಾಣ್ಯ ಪರೀಕ್ಷಿಸಿ ಅದರ ಸ್ಥಿತಿಗೆ ನಂಬರ್, ಅಂದರೆ ಗ್ರೇಡ್, ಕೊಡುವ ಅಮೆರಿಕದ ಕಂಪನಿಗಳು. ಆ ಮೂರು ದಿನದಲ್ಲಿ ನಾಣ್ಯದ ಅಂಚಿಗೆ ಒಂದು ಸಲವೂ ಲೂಪ್ (ಸಣ್ಣ ಭೂತಗನ್ನಡಿ) ಹಿಡಿಯಲಿಲ್ಲ.

ಮಡಿಕೇರಿಯ ನಮ್ಮ ಅಂಗಡಿಯಲ್ಲಿ ಹಳೇ ಗಡಿಯಾರ, ಹಿತ್ತಾಳೆ ಸಾಮಾನು, ನಾಣ್ಯ ಎಲ್ಲಾ ಇದೆ. ನಾಣ್ಯದ ಕೌಂಟರ್ ನನ್ನದು. ಬೆಂಗಳೂರಿನ ಒಬ್ಬ ಡೀಲರ್ ಗ್ರೇಡಿಂಗ್‌ಗೆ ಬ್ಯಾಚ್ ಕಳಿಸುತ್ತಾರೆ. ನಮ್ಮಿಂದ ಹತ್ತು ನಾಣ್ಯಕ್ಕಿಂತ ಕಡಿಮೆ ಇದ್ದರೆ ತಗೊಳ್ಳುವುದಿಲ್ಲ. ಸ್ಲ್ಯಾಬ್, ಅಂದರೆ ಗ್ರೇಡ್ ಬರೆದು ಪ್ಲಾಸ್ಟಿಕ್ ಹೋಲ್ಡರಿನಲ್ಲಿ ಸೀಲ್ ಮಾಡಿದ ನಾಣ್ಯ, ಇದ್ದರೆ ಶೋಕೇಸ್‌ಗೆ ಒಂದು ಕಳೆ ಬರುತ್ತದೆ ಅಂತ ಓನರ್‌ಗೆ ಯಾರೋ ಹೇಳಿದ್ದಾರೆ. ಹಾಗಾಗಿ ಆ ಹತ್ತನ್ನು ತುಂಬಿಸುವುದು ನನ್ನ ತಲೆನೋವು.

ಜುಲೈ ತಿಂಗಳು, ಮಳೆ ಅಂದರೆ ಮಳೆ. ವಿರಾಜಪೇಟೆ ಕಡೆಯ ತೋಟದ ಮನೆಯಿಂದ ವಯಸ್ಸಾದ ಒಬ್ಬ ಅಮ್ಮ ಬಂದರು. ಕರ್ಚೀಫಿನ ಗಂಟು ಬಿಚ್ಚಿದರೆ ಒಳಗೆ ಒಂದು ಪವನು, ಬ್ರಿಟಿಷರ ಕಾಲದ ಚಿನ್ನದ ನಾಣ್ಯ. 1918ರದ್ದು, ಐದನೇ ಜಾರ್ಜ್. ಹಿಂದುಗಡೆ ಕುದುರೆ ಕಾಲಿನ ಕೆಳಗೆ, ಇಸವಿಯ ಮೇಲೆ ಸಣ್ಣ 'ಐ' ಅಕ್ಷರ. ಅಂದರೆ ಬಾಂಬೆ ಟಂಕಸಾಲೆಯದ್ದು, ಆ ಒಂದೇ ವರ್ಷ ಅಲ್ಲಿ ಪವನು ಹೊಡೆದಿದ್ದು. ನನಗೆ ಕೈ ನಡುಗಿತು. ಬೆಂಗಳೂರಿನಲ್ಲಿರುವ ಅಳಿಯ "ಸ್ಲ್ಯಾಬ್ ಮಾಡಿಸಿದರೆ ಡಬಲ್ ಆಗುತ್ತೆ" ಅಂದಿದ್ದರಂತೆ. ನಾನೂ ಹೂಂ ಅಂದೆ. ಆ ವರ್ಷ ಸುಮಾರು 13 ಲಕ್ಷ ಪವನು ಹೊಡೆದಿದ್ದಾರೆ, ಅದೇನು ಸಿಗದ ವಸ್ತು ಅಲ್ಲ, ಒಳಗಿರುವ ಏಳು ಗ್ರಾಂ ಚಿಲ್ಲರೆ ಅಪ್ಪಟ ಚಿನ್ನದ ಬೆಲೆಯೇ ಅದರ ಬೆಲೆಯಲ್ಲಿ ಬಹುಪಾಲು, ಇದೆಲ್ಲಾ ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿಗೆ ಬರಲಿಲ್ಲ.

ತೂಕ ಹಾಕಿದೆ, 7.98 ಗ್ರಾಂ. ಕ್ಯಾಲಿಪರ್ ಹಿಡಿದೆ, 22 ಮಿಲಿಮೀಟರ್. ಸರಿಯಾಗಿದೆ. ರಾಜನ ಮುಖಕ್ಕೆ ಲೂಪ್ ಹಿಡಿದೆ, ಕೂದಲು, ಗಡ್ಡ, ಎಲ್ಲಾ ಗರಿಗರಿ. "ಎಪ್ಪತ್ತಕ್ಕೆ ಅರವತ್ಮೂರು ಬರುತ್ತೆ ಅಮ್ಮ, ಗ್ಯಾರಂಟಿ" ಅಂದುಬಿಟ್ಟೆ. ಗ್ಯಾರಂಟಿ ಅನ್ನೋ ಮಾತು ಯಾಕೆ ಆಡಿದೆನೋ. ಆ ಗ್ರೇಡ್ ಕೊಡೋದು ಅಮೆರಿಕದಲ್ಲಿ ಕೂತವರು, ಕೌಂಟರಿನಲ್ಲಿ ಕೂತ ನಾನಲ್ಲ.

ಆಮೇಲೆ ಶುರುವಾಯಿತು ನನ್ನ ಮೂರು ದಿನದ ಸಂಶೋಧನೆ. ಪಿಸಿಜಿಎಸ್ 1986ರಿಂದ ಕೆಲಸ ಮಾಡುತ್ತಿದೆ, ಎನ್‌ಜಿಸಿ 1987ರಿಂದ. ಇಬ್ಬರದ್ದೂ ಅದೇ ಶೆಲ್ಡನ್ ಸ್ಕೇಲ್, 1ರಿಂದ 70. ಪಿಸಿಜಿಎಸ್ ಹೋಲ್ಡರಿನಲ್ಲಿ ನಾಣ್ಯದ ಸುತ್ತ ಪಾರದರ್ಶಕ, ಎನ್‌ಜಿಸಿಯದ್ದರಲ್ಲಿ ಬಿಳಿ. ಬಿಳಿಯ ಮಧ್ಯೆ ಚಿನ್ನ ಚೆನ್ನಾಗಿ ಕಾಣುತ್ತೆ ಅಂತ ಓನರ್. ಒಂದರಲ್ಲಿ ಕಮ್ಮಿ ಬಂದರೆ ಇನ್ನೊಂದಕ್ಕೆ ಕ್ರಾಸ್‌ಓವರ್ ಹಾಕೋಣ ಅಂತ ಡೀಲರ್. ಹಾಗೆ ಹಾಕಿದರೆ ಇನ್ನೊಂದು ಸಲ ಫೀಸು, ಅದನ್ನು ಹೇಳಲಿಲ್ಲ ಪುಣ್ಯಾತ್ಮ. ನಾಣ್ಯದ ಬೆಲೆ ಕಮ್ಮಿ ಬರೆದು, ಫೀಸು ಕಮ್ಮಿ ಇರುವ ಕೆಳಗಿನ ಟಿಯರ್‌ಗೆ ತುರುಕು ಅಂತ ಓನರ್. ದಾರಿಯಲ್ಲಿ ಕಳೆದುಹೋದರೆ ಬರೆದಷ್ಟೇ ಕೈಗೆ ಬರೋದು ಅಂತ ನಾನು. ಈ ಜಗಳದಲ್ಲೇ ಒಂದಿಡೀ ಮಧ್ಯಾಹ್ನ ಹೋಯಿತು. ಕರೆಂಟೂ ಇರಲಿಲ್ಲ, ಮೊಬೈಲ್ ಟಾರ್ಚಿನಲ್ಲಿ ಫಾರ್ಮ್ ತುಂಬಿದೆ.

ನಾಲ್ಕನೇ ದಿನ ಕೊರಿಯರ್ ಹುಡುಗ ರೇನ್‌ಕೋಟಿನಲ್ಲಿ ನೀರು ತೊಟ್ಟಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತಿದ್ದ. ಹತ್ತೂ ನಾಣ್ಯ ಫ್ಲಿಪ್ ಅನ್ನೋ ಸಣ್ಣ ಪ್ಲಾಸ್ಟಿಕ್ ಕವರಿನಲ್ಲಿ, ಫ್ಲಿಪ್ ಡಬ್ಬದಲ್ಲಿ. ಟೇಪ್ ಹಚ್ಚೋದೊಂದು ಬಾಕಿ. ಲೆಕ್ಕ ಬರೆಯುವ ಅಕ್ಕ ಪಟ್ಟಿಯನ್ನು ಒಂದು ಸಲ ಓದಿದರು. ಪೆನ್ನು ನಿಲ್ಲಿಸಿದರು.

"1918 ಅಂದ್ರೆ ನೂರು ವರ್ಷ ದಾಟಿತಲ್ಲಾ?"

"ದಾಟಿದರೇನು ಅಕ್ಕ?"

"ನೂರು ದಾಟಿದ ನಾಣ್ಯ ಪುರಾತನ ವಸ್ತು ಲೆಕ್ಕಕ್ಕೆ ಬರುತ್ತೆ. 1972ರ ಕಾನೂನು. ದೇಶದ ಹೊರಗೆ ಕಳಿಸೋ ಹಾಗಿಲ್ಲ. ಈ ಎರಡು 1911ರ ಹಂದಿ ರೂಪಾಯಿಯೂ ಅಷ್ಟೇ."

ಐದನೇ ಜಾರ್ಜ್‌ನ ನಿಲುವಂಗಿ ಮೇಲಿನ ಆನೆ ಹಂದಿ ಥರ ಕಾಣುತ್ತೆ ಅಂತ ಜನ ಗಲಾಟೆ ಮಾಡಿದ ರೂಪಾಯಿ ಅದು. ಗಿರಾಕಿಗಳಿಗೆ ಆ ಕಥೆ ಹೇಳಿ ಹೇಳಿ ನನಗೆ ಬಾಯಿಪಾಠ. ಅದರ ವಯಸ್ಸು ಎಷ್ಟು ಅಂತ ಮಾತ್ರ ಒಂದು ದಿನವೂ ಲೆಕ್ಕ ಹಾಕಿರಲಿಲ್ಲ.

ಆಗ ನಾನು ಸುಮ್ಮನಿರಬೇಕಿತ್ತು. "ಎಲ್ಲರೂ ಕಳಿಸ್ತಾರೆ ಅಕ್ಕ, ಯಾರು ನೋಡ್ತಾರೆ" ಅಂದೆ. ನಾಚಿಕೆಗೇಡು, ಆದರೂ ಅಂದೆ. ಅಕ್ಕ ಏನೂ ಹೇಳದೆ ಪೆನ್ನಿನ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು. ಹುಡುಗ "ಅಣ್ಣಾ, ಕುಶಾಲನಗರಕ್ಕೆ ಹೋಗಬೇಕು, ಲೇಟಾಗ್ತಿದೆ" ಅಂತ ಎರಡು ಸಲ ಅಂದ. ಓನರ್ ಫೋನ್ ಎತ್ತುತ್ತಿಲ್ಲ. ಬೇಕಾದಾಗ ಎತ್ತಿದ್ದೇ ಇಲ್ಲ ಬಿಡಿ.

ಅಷ್ಟು ಹೊತ್ತಿಗೆ ಆ ಅಮ್ಮನೇ ಒಳಗೆ ಬಂದರು. ಪೇಟೆಗೆ ಬಂದಿದ್ದರಂತೆ, ಹೋಗೋ ಮೊದಲು ಒಂದು ಸಲ ನೋಡಿ ಹೋಗೋಣ ಅಂತ. ಡಬ್ಬದಿಂದ ಫ್ಲಿಪ್ ತೆಗೆದು ಅವರ ಕೈಗೆ ಕೊಟ್ಟೆ. ಹೆಬ್ಬೆರಳಿನಿಂದ ಅಂಚನ್ನು ಸವರುತ್ತಾ ಹೇಳಿದರು:

"ನನ್ನ ಅತ್ತೆಯ ಪತ್ತಾಕಿನಲ್ಲಿ ಇದ್ದಿದ್ದು ಮಗ. ನನ್ನ ಮಗಳ ಮದುವೆಗೆ ಹೊಸ ಪತ್ತಾಕ್ ಮಾಡಿಸುವಾಗ ಅಕ್ಕಸಾಲಿ ಇದನ್ನು ಬಿಚ್ಚಿ ಕೊಟ್ಟ. ಎಷ್ಟು ನಾಜೂಕಾಗಿ ಬಿಚ್ಚಿದ್ದಾನೆ ನೋಡು, ಗೊತ್ತೇ ಆಗಲ್ಲ."

ಪತ್ತಾಕ್ ಅಂದರೆ ನಮ್ಮ ಕಡೆಯ ಹೆಂಗಸರ ಕೊರಳಿನ ಪದಕ. ಕೊಡಗಿನಲ್ಲಿ ಹುಟ್ಟಿ ಬೆಳೆದವನು ನಾನು. ಇಲ್ಲಿ ಒಂದು ಮನೆಯಿಂದ ಪವನು ಬಂತು ಅಂದರೆ ಮೊದಲು ಕೇಳಬೇಕಾದ ಪ್ರಶ್ನೆ ಅದು, ಪತ್ತಾಕಿನಲ್ಲಿ ಇತ್ತಾ ಅಂತ. ಎಷ್ಟು ಮದುವೆಯಲ್ಲಿ ನೋಡಿಲ್ಲ, ಮೇಲೆ ಹೆಡೆ ಬಿಚ್ಚಿದ ನಾಗ, ಸುತ್ತ ಕೆಂಪು ಕಲ್ಲು, ಮಧ್ಯೆ ಪವನು. ಲೂಪ್ ತಗೊಂಡು ಅಂಚು ನೋಡಿದೆ. ರಾಜನ ತಲೆಯ ನೇರಕ್ಕೆ, ಅಕ್ಕಿಕಾಳಿನಷ್ಟು ಜಾಗದಲ್ಲಿ ಅಂಚಿನ ಸಾಲು ಗೀರುಗಳು ಮುಚ್ಚಿಹೋಗಿದ್ದವು. ಬೆಸುಗೆ. ಅದರ ಪಕ್ಕದಲ್ಲಿ ಅರದ ಗುರುತು.

ಇದು ಯಾವ ಕಂಪನಿಗೆ ಹೋಗಿದ್ದರೂ ಅರವತ್ಮೂರೂ ಇಲ್ಲ, ಐವತ್ತೂ ಇಲ್ಲ. ನಂಬರೇ ಇಲ್ಲದೆ ಡೀಟೇಲ್ಸ್, ಮೌಂಟ್ ರಿಮೂವ್ಡ್ (ಒಡವೆಯಿಂದ ಬಿಚ್ಚಿದ್ದು) ಅಂತ ಬರೆದು ವಾಪಸ್. ಫೀಸು ಮಾತ್ರ ಪೂರ್ತಿ. ನಾನು ಮೂರು ದಿನ ಯಾರು ಸ್ಟ್ರಿಕ್ಟು, ಯಾರು ಲೂಸು ಅಂತ ತೂಗಿದ್ದೆಲ್ಲಾ ನೀರಿನಲ್ಲಿ ಹೋಮ.

ಹುಡುಗನಿಗೆ ನಾಳೆ ಬಾ ಅಂದೆ. ಗೊಣಗಿಕೊಂಡು ಹೋದ. ಅಮ್ಮನನ್ನು ಕೂರಿಸಿ, ಕಾಫಿ ತರಿಸಿ, ಮೊದಲಿನಿಂದ ಹೇಳಿದೆ. ಅರವತ್ಮೂರು ಬರಲ್ಲ ಅಂತ. ಬಂದಿದ್ದರೂ ಡಬಲ್ ಆಗುತ್ತಿರಲಿಲ್ಲ ಅಂತ. ಇದನ್ನು ಹೊರಗೆ ಕಳಿಸಿದರೆ ತಪ್ಪು ಅಂತ. ಅವರು ಬೈಯಬಹುದು ಅಂದುಕೊಂಡಿದ್ದೆ. ಬೈಯಲಿಲ್ಲ. "ಹಾಗಾದ್ರೆ ಆವತ್ತು ಗ್ಯಾರಂಟಿ ಅಂದಿದ್ದು?" ಅಂತ ಅಷ್ಟೇ ಕೇಳಿದರು. ಬೈದಿದ್ದರೇ ವಾಸಿ ಇತ್ತು.

ಪವನನ್ನು ಮತ್ತೆ ಕರ್ಚೀಫಿಗೆ ಗಂಟು ಹಾಕಿಕೊಂಡು ಎದ್ದರು. ಮೊಮ್ಮಗಳ ಪತ್ತಾಕಿಗೆ ಹಾಕಿಸ್ತೀನಿ ಅಂದರು. ಅಕ್ಕ ಮಳೆಯಲ್ಲಿ ಆಟೋವರೆಗೆ ಕೊಡೆ ಹಿಡಿದು ಬಿಟ್ಟು ಬಂದರು. ನನ್ನ ಜೊತೆ ಸಂಜೆವರೆಗೂ ಮಾತಾಡಲಿಲ್ಲ.

ಈಗ ನನ್ನ ಕೌಂಟರಿನಲ್ಲಿ ಮೊದಲು ಇಸವಿ, ಆಮೇಲೆ ಅಂಚು. ಕಂಪನಿ ಹೆಸರು ಕೊನೆಗೆ. ಓನರ್‌ಗೆ ಇದು ನಿಧಾನ ಅನ್ನಿಸುತ್ತೆ, ಅನ್ನಿಸಲಿ.

ಅಂದ ಹಾಗೆ, ಮೂರು ನಾಣ್ಯ ತೆಗೆದ ಮೇಲೆ ಬ್ಯಾಚ್‌ನಲ್ಲಿ ಏಳೇ ಉಳಿದವು. ಡೀಲರ್ ಹತ್ತೇ ಬೇಕು ಅಂತ ಹಟ ಹಿಡಿದರು. ಓನರ್ ಸ್ಟಾಕಿನಿಂದ ಎರಡು ಕೊಟ್ಟು, "ಇನ್ನೊಂದು ನಿನ್ನದು ಹಾಕು, ನಿನ್ನಿಂದಲೇ ಆಗಿದ್ದಲ್ವಾ" ಅಂದರು. ನನ್ನ ಹತ್ತಿರ ಅಜ್ಜ ಕೊಟ್ಟ 1947ರ ಹುಲಿ ರೂಪಾಯಿ ಇತ್ತು, ನಿಕಲ್‌ದು, ಫಳಫಳ ಅನ್ನುತ್ತಿತ್ತು. ಇಸವಿ ನೋಡಿದೆ, ನೂರಾಗಿಲ್ಲ. ಅಂಚು ನೋಡಿದೆ, ಬೆಸುಗೆ ಇಲ್ಲ. ಕಳಿಸಿದೆ. ತಿಂಗಳುಗಟ್ಟಲೆ ಆದ ಮೇಲೆ ವಾಪಸ್ ಬಂತು, ಚೆಂದದ ಹೋಲ್ಡರಿನಲ್ಲಿ, ಲೇಬಲ್ ಮೇಲೆ ನಂಬರಿನ ಬದಲು ಕ್ಲೀನ್ಡ್ (ಉಜ್ಜಿದ್ದು) ಅಂತ. ನಾಲ್ಕನೇ ಕ್ಲಾಸಿನಲ್ಲಿ ಅದನ್ನು ಹಲ್ಲುಪುಡಿ ಹಾಕಿ ಉಜ್ಜಿದವನು ನಾನೇ.